ಬೀಗದ ಕೈ ಇಲ್ಲದ ಮಾಟಗಾತಿ

“ಪುಸ್ತಕ ಎಷ್ಟು ಚೆನ್ನಾಗಿತ್ತು, ಸಿನಿಮಾದವರು ಹಾಳು ಮಾಡಿಬಿಟ್ಟರು” ಎಂದು ಯಾರಾದರೂ ನಿಟ್ಟುಸಿರು ಬಿಟ್ಟರೆ ನಾನು ಹೂಗುಟ್ಟುವುದಿಲ್ಲ. ಹಾಗೆ ಹೇಳುವವರಲ್ಲಿ ಅರ್ಧ ಜನ ಪುಸ್ತಕ ಓದಿರುವುದಿಲ್ಲ, ಉಳಿದರ್ಧ ಜನ ಸಿನಿಮಾ ನೋಡಿರುವುದಿಲ್ಲ. ನಾನು ಎರಡನ್ನೂ ಬಲ್ಲೆ. ಪುಸ್ತಕ ಬರೆದವಳು ನನ್ನ ಅಮ್ಮ. ಅದನ್ನು ಸಿನಿಮಾ ಮಾಡಿದವರು ಪುಟ್ಟೇನಹಳ್ಳಿ ಕಡೆಯ ಒಬ್ಬ ಜಮೀನುದಾರರು. ಎರಡರ ನಡುವೆ ಸಿಕ್ಕಿಕೊಂಡವಳು ನನ್ನ ಅಜ್ಜಿ, ಅಪ್ಪನ ತಾಯಿ. ಹಾಗಾಗಿ ಈ ವಿಷಯದಲ್ಲಿ ಬೇರೆಯವರು ಮಾತಾಡುವಾಗ ನಾನು ಸ್ವಲ್ಪ ಜಂಬದಿಂದಲೇ ಸುಮ್ಮನಿರುತ್ತೇನೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಾವು ಜಯನಗರದಲ್ಲಿದ್ದೆವು. ನಾನು ಕಾಲೇಜಿಗೆ ಹೋಗುತ್ತಿದ್ದೆ, ಅಪ್ಪ ಆಫೀಸಿಗೆ ಹೋಗುತ್ತಿದ್ದರು, ಮನೆ ಅಜ್ಜಿಯ ಮಾತಿನಂತೆ ಹೋಗುತ್ತಿತ್ತು. ಅಡುಗೆಮನೆಗೆ ಅಂಟಿಕೊಂಡಂತೆ ಕಿಟಕಿಯಿಲ್ಲದ ಒಂದು ಉಗ್ರಾಣ. ಉಪ್ಪಿನಕಾಯಿಯ ಭರಣಿಗಳು, ಹಪ್ಪಳದ ಡಬ್ಬ, ಬೆಲ್ಲ, ತುಪ್ಪ, ಮುಚ್ಚಿಟ್ಟ ಮೊಸರಿನ ಬಟ್ಟಲು, ಎಲ್ಲವೂ ಅದರೊಳಗೆ. ಬಾಗಿಲಿಗೆ ಹಿತ್ತಾಳೆಯ ಬೀಗ, ಬೀಗದ ಕೈ ಗೊಂಚಲು ಅಜ್ಜಿಯ ಸೊಂಟದಲ್ಲಿ. ಊಟಕ್ಕೆ ಕೂತವರು ಇನ್ನೊಂದು ಹಪ್ಪಳ ಬೇಕೆಂದರೆ ಆ ಗೊಂಚಲಿಗೆ ಅರ್ಜಿ ಹಾಕಿಕೊಳ್ಳಬೇಕು. ಅರ್ಜಿ ಸಾಮಾನ್ಯವಾಗಿ ತಿರಸ್ಕೃತವಾಗುತ್ತಿತ್ತು. ಅಜ್ಜಿಗೆ ನಶ್ಯದ ಅಭ್ಯಾಸವೂ ಇತ್ತು. ಅವಳು ನಶ್ಯ ಏರಿಸಿ ಮನಸಾರೆ ಸೀನಿದರೆ ದೇವರ ಮುಂದಿನ ದೀಪ ಆರಿದ್ದೂ ಉಂಟು. ಯಾವ ವಾದ ಎಲ್ಲಿಂದ ಶುರುವಾದರೂ ಅವಳು ಮುಗಿಸುತ್ತಿದ್ದದ್ದು ಒಂದೇ ಮಾತಿನಿಂದ: “ನಾನು ಹೋದ್ಮೇಲೆ ಗೊತ್ತಾಗತ್ತೆ, ಬಿಡಿ.”

ಅಮ್ಮ ಬರೆಯುತ್ತಿದ್ದದ್ದು ಮಧ್ಯಾಹ್ನ. ಎಲ್ಲರ ಊಟ ಮುಗಿದು, ತನ್ನ ಊಟ ಮುಗಿದು, ಅಡುಗೆಮನೆ ಸಾರಿಸಿ, ಸಾರಿಸಿದ ನೆಲ ಒಣಗುವ ತನಕ ಮೂಲೆಯಲ್ಲಿ ಮಣೆ ಹಾಕಿಕೊಂಡು ಬರೆಯುವಳು. ಮಳೆಗಾಲದಲ್ಲಿ ನೆಲ ನಿಧಾನವಾಗಿ ಒಣಗುವುದರಿಂದ ಅಧ್ಯಾಯಗಳು ದೊಡ್ಡದಾಗುತ್ತಿದ್ದವು. ಅಜ್ಜಿ ಇದನ್ನು ಬರೆಯುವುದು ಎಂದು ಕರೆದವಳಲ್ಲ. “ಗೀಚೋದು ಆಯ್ತಾ? ಕಾಫಿಗೆ ಇಡು” ಎನ್ನುವಳು. ಬೇಡ ಎಂದು ಮಾತ್ರ ಎಂದೂ ಹೇಳಿರಲಿಲ್ಲ. ಹೇಳಿದ್ದರೆ ಆ ಮನೆಯಲ್ಲಿ ಮೇಲ್ಮನವಿಗೆ ಅವಕಾಶವಿರಲಿಲ್ಲ, ಅಮ್ಮನ ಬರವಣಿಗೆ ಅಲ್ಲಿಗೆ ಮುಗಿಯುತ್ತಿತ್ತು. ಅಮ್ಮನಿಗೆ ಈ ಹೆದರಿಕೆ ಯಾವಾಗಲೂ ಇತ್ತು.

ಹೀಗೆ ಗೀಚಿದ ಒಂದು ಮಾಯಾಲೋಕದ ಕಾದಂಬರಿ ವಾರಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬರಲು ಶುರುವಾಯಿತು. ಬೆಳದಿಂಗಳೇ ಇಲ್ಲದ ರಾಜ್ಯವೊಂದರ ಕಥೆ. ಅಲ್ಲೊಬ್ಬಳು ಮುದಿ ಮಾಟಗಾತಿ. ಹುಣ್ಣಿಮೆಯ ದಿನ ಬಿದ್ದ ಬೆಳದಿಂಗಳನ್ನೆಲ್ಲ ಸೌಟಿನಲ್ಲಿ ಬಳಿದು ಭರಣಿಗಳಿಗೆ ತುಂಬಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಕತ್ತಲೆಯ ಕೋಣೆಯಲ್ಲಿಟ್ಟು ಬೀಗ ಹಾಕುತ್ತಾಳೆ. ಆ ರಾಜ್ಯಕ್ಕೆ ಸೊಸೆಯಾಗಿ ಬಂದ ಹುಡುಗಿ, ಬೀಗದ ಕೈಯನ್ನು ಸಂಪಾದಿಸುವ ಉಪಾಯ ಹುಡುಕುತ್ತಾ ಹಾರುವ ಕುದುರೆಯ ಮೇಲೆ ಲೋಕ ಸುತ್ತುತ್ತಾಳೆ. ಅವಳ ಗಂಡ ರಾಜಕುಮಾರ ಒಳ್ಳೆಯವನೇ, ಆದರೆ ಏನೇ ಅನಾಹುತವಾದರೂ ಒಂದು ಓಲೆಗರಿಯನ್ನು ಮುಖಕ್ಕೆ ಅಡ್ಡ ಹಿಡಿದು ಓದುತ್ತಾ ಕೂತಿರುತ್ತಾನೆ. ಕೊನೆಯಲ್ಲಿ ಸೊಸೆ ಬೀಗ ತೆಗೆಯುತ್ತಾಳೆ, ಬೆಳದಿಂಗಳು ರಾಜ್ಯದ ತುಂಬ ಹರಿಯುತ್ತದೆ, ಮಾಟಗಾತಿ ಮಾಮೂಲಿ ಮುದುಕಿಯಾಗಿ ಜಗಲಿಯ ಮೇಲೆ ಕೂತು ಅದನ್ನು ನೋಡುತ್ತಾಳೆ.

ಮಾಟಗಾತಿ ಮೊದಲ ಸಲ ಕಾಣಿಸಿಕೊಳ್ಳುವ ಕಂತು ಬಂದ ದಿನ ಅಪ್ಪ ವರಾಂಡದಲ್ಲಿ ಓದುತ್ತಿದ್ದವರು ಕಾಫಿಯನ್ನು ನೆತ್ತಿಗೇರಿಸಿಕೊಂಡರು. ಪತ್ರಿಕೆಯನ್ನು ಬನಿಯನ್ನಿನೊಳಗೆ ಬಚ್ಚಿಟ್ಟುಕೊಂಡು ಅಡುಗೆಮನೆಗೆ ಬಂದರು.

“ಏನೇ ಇದು? ನಮ್ಮಮ್ಮನ್ನ ಪ್ರಿಂಟ್ ಹಾಕ್ಸಿಬಿಟ್ಟಿದೀಯಲ್ಲೇ!”

“ರೀ, ಮೆಲ್ಲಗೆ. ಅದೆಲ್ಲ ಕಲ್ಪನೆ.”

“ಕಲ್ಪನೆ ಯಾವಾಗ್ಲಿಂದ ನಶ್ಯ ಹಾಕೋಕೆ ಶುರು ಮಾಡ್ತು? ಸೊಂಟದಲ್ಲಿ ಗೊಂಚಲು, ಸೀನಿದ್ರೆ ಅರಮನೆ ದೀಪ ಆರತ್ತೆ, ‘ನಾನು ಹೋದ್ಮೇಲೆ ಗೊತ್ತಾಗತ್ತೆ’ ಅನ್ನತ್ತೆ. ಇನ್ನು ಅಡ್ರೆಸ್ ಒಂದು ಹಾಕಿಲ್ಲ ನೀನು.”

ಅಮ್ಮ ಪತ್ರಿಕೆ ಇಸಿದುಕೊಂಡು ತಾನು ಬರೆದದ್ದನ್ನೇ ಓದಿದಳು. ಓದುತ್ತಾ ಅವಳ ಮುಖ ಬಿಳಿಚಿಕೊಂಡಿತು. “ಅಯ್ಯೋ, ಬರೀವಾಗ ನನಗೆ ಗೊತ್ತೇ ಆಗ್ಲಿಲ್ಲ ರೀ” ಎಂದಳು. ಅವಳು ಸುಳ್ಳು ಹೇಳುತ್ತಿರಲಿಲ್ಲವೆಂದೇ ನನ್ನ ನಂಬಿಕೆ. ಮಾಟಗಾತಿ ಬೇಕೆಂದಾಗ ಕಣ್ಣೆದುರು ಓಡಾಡುತ್ತಿದ್ದವಳು ಬಂದು ಕೂತಳು, ಅಷ್ಟೆ.

“ಅದಿರ್ಲಿ, ಆ ರಾಜಕುಮಾರ ಒಬ್ಬ ಇದಾನಲ್ಲ, ಶುದ್ಧ ದಂಡಪಿಂಡ. ಅಂಥೋರನ್ನ ಎಲ್ಲಿಂದ ಹುಡುಕ್ತೀಯೋ” ಎಂದು ಹೇಳಿ ಅಪ್ಪ ವರಾಂಡಕ್ಕೆ ಹೋಗಿ ದಿನಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಕೂತರು. ನಾನೂ ಅಮ್ಮನೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಲ್ಲ. ನೋಡಿಕೊಂಡಿದ್ದರೆ ನಗು ತಡೆಯುತ್ತಿರಲಿಲ್ಲ.

ಅಜ್ಜಿಗೆ ತಿಳಿಯಬಾರದು ಎಂಬುದು ಅಂದಿನಿಂದ ನಮ್ಮ ಮನೆಯ ಕಾನೂನಾಯಿತು. ಒಂದು ಅನುಕೂಲವೆಂದರೆ ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಅಕ್ಷರ ಕಾಣುತ್ತಿರಲಿಲ್ಲ. ಒಂದು ಅನನುಕೂಲವೆಂದರೆ ಸೊಸೆಯ ಹೆಸರು ಅಚ್ಚಾಗಿದೆ ಎಂದು ತಿಳಿದದ್ದೇ ತಡ, “ಅದೇನು ಗೀಚಿದಾಳೋ ಓದಿ ಹೇಳೇ” ಎಂದು ಅವಳು ನನ್ನನ್ನು ಹಿಡಿದುಕೊಂಡಳು. ಅಜ್ಜಿ ದೇವರಿಗೆ ಹೂಬತ್ತಿ ಹೊಸೆಯುತ್ತಾ ಕೂತು ಕೇಳುವುದು, ನಾನು ಪ್ರತಿವಾರ ಗಟ್ಟಿಯಾಗಿ ಓದುವುದು ಎಂದಾಯಿತು.

ಅಮ್ಮ ಮೊದಲೇ ಪತ್ರಿಕೆ ತೆಗೆದುಕೊಂಡು, ಓದಬಾರದ ಸಾಲುಗಳ ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ಕೊಡುವಳು. ಆ ಸಾಲುಗಳನ್ನು ಬಿಟ್ಟರೆ ಕಥೆ ಅಲ್ಲಲ್ಲಿ ಕುಂಟುತ್ತಿತ್ತು. ಕುಂಟುವ ಕಡೆ ಏನಾದರೂ ತುಂಬಲೇಬೇಕು. ಸೊಂಟದ ಗೊಂಚಲಿದ್ದ ಜಾಗದಲ್ಲಿ ನಾನು ಒಂದು ಹಾವನ್ನು ಸುತ್ತಿದೆ. ನಶ್ಯದ ಡಬ್ಬಿಯ ಬದಲು ತಲೆಬುರುಡೆ ಇಟ್ಟೆ. ಸೀನನ್ನು ಗುಡುಗು ಮಾಡಿದೆ. ಬೀಗವನ್ನು ಬೀಗದ ಕೈಯಿಂದ ತೆಗೆಯುವಂತಿಲ್ಲವಾದ್ದರಿಂದ ಮಂತ್ರದಿಂದ ತೆಗೆಸಿದೆ. ನಾಲ್ಕಾರು ಕಂತು ಕಳೆಯುವಷ್ಟರಲ್ಲಿ ನನಗೆ ರುಚಿ ಹತ್ತಿ, ಗೆರೆಯಿಲ್ಲದ ಕಡೆಯೂ ಕೈ ಹಾಕತೊಡಗಿದೆ. ಸಿನಿಮಾದವರನ್ನು ಬೈಯುವಾಗ ನನ್ನ ದನಿ ಅಷ್ಟು ಜೋರಾಗಿ ಏಳದೇ ಇರುವುದಕ್ಕೆ ಇದೂ ಒಂದು ಕಾರಣ.

ಅಜ್ಜಿ ಕೇಳುತ್ತಿದ್ದ ರೀತಿಯೂ ವಿಚಿತ್ರ. ಉಳಿದ ಓದುಗರೆಲ್ಲ ಸೊಸೆಯ ಪರ, ಇವಳು ಮಾಟಗಾತಿಯ ಪರ.

“ಬೀಗ ಹಾಕ್ದೆ ಇನ್ನೇನು ಮಾಡ್ಬೇಕು ಅವಳು? ಆ ಊರಿನೋರ ಕೈಗೆ ಬೆಳದಿಂಗಳು ಕೊಟ್ರೆ ಒಂದೇ ದಿನಕ್ಕೆ ಗುಡಿಸಿ ಗುಂಡಾಂತರ ಮಾಡ್ತಾರೆ” ಎನ್ನುವಳು. ಇನ್ನೊಂದು ದಿನ ಬತ್ತಿ ಹೊಸೆಯುವುದು ನಿಲ್ಲಿಸಿ, “ಅಲ್ವೇ, ಮಂತ್ರದಲ್ಲೇ ಬೀಗ ತೆಗೆಯೋಳಾದ್ರೆ ಅವಳಿಗೆ ಬೀಗ ಯಾಕೆ?” ಎಂದು ಕೇಳಿದಳು. ನಾನು ಬೆವತು, “ಮುಂದಿನ ವಾರ ಗೊತ್ತಾಗತ್ತಂತೆ ಅಜ್ಜಿ” ಎಂದೆ. “ಹೂಂ, ಗೊತ್ತಾಗ್ಲಿ” ಎಂದು ಅವಳು ಒಂದು ಚಿಟಿಕೆ ನಶ್ಯ ಏರಿಸಿದಳು.

ನಾವು ಓದಿದ ಮೇಲೆ ಪತ್ರಿಕೆ ಎದುರು ಮನೆಗೆ ಹೋಗುತ್ತಿತ್ತು. ಆಗ ಒಂದು ಪತ್ರಿಕೆಯನ್ನು ರಸ್ತೆಯ ಅರ್ಧ ಮನೆಗಳು ಓದುತ್ತಿದ್ದವು, ಯಾರೂ ಅದಕ್ಕೆ ನಾಚುತ್ತಿರಲಿಲ್ಲ. ಎದುರು ಮನೆಯಾಕೆ ಅಜ್ಜಿಯ ಗೆಳತಿ. ಶನಿವಾರ ಸಂಜೆ ಅವರ ಮನೆಯಲ್ಲಿ ನಾಲ್ಕು ಜನ ಮುದುಕಿಯರು ಸೇರಿ ವಿಷ್ಣು ಸಹಸ್ರನಾಮ ಹೇಳುತ್ತಿದ್ದರು. ಆ ವರ್ಷ ಸಹಸ್ರನಾಮ ಮುಗಿಸಿ ಬರುವಾಗ ಅಜ್ಜಿಯ ಮುಖದಲ್ಲಿ ಎಂದಿಲ್ಲದ ಕಳೆ ಇರುತ್ತಿತ್ತು. ಭಕ್ತಿ ಜಾಸ್ತಿಯಾಗಿದೆ ಎಂದು ಅಪ್ಪ ಸಂತೋಷಪಟ್ಟರು.

ಧಾರಾವಾಹಿ ಮುಗಿಯಿತು, ಪುಸ್ತಕವಾಯಿತು, ಅಜ್ಜಿಗೆ ತಿಳಿಯಲಿಲ್ಲ. ಅಮ್ಮ ನಿಟ್ಟುಸಿರು ಬಿಡುವಷ್ಟರಲ್ಲಿ ಮನೆಯ ಮುಂದೆ ಒಂದು ಕಾರು ಬಂದು ನಿಂತಿತು.

ಇಳಿದವರು ಗರಿಗರಿ ಬಿಳಿ ಪಂಚೆ, ಬಿಳಿ ಷರಟಿನ ಒಬ್ಬ ದೊಡ್ಡ ಮನುಷ್ಯರು. ಪುಟ್ಟೇನಹಳ್ಳಿ ಕಡೆಯವರು, ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಒಂದಿಷ್ಟು ಲೇಔಟಿಗೆ ಹೋಗಿ ಕೈಯಲ್ಲಿ ಕಾಸು ಆಡುತ್ತಿತ್ತು. ಅವರ ಹಿಂದೆ, ಜೇಬಿನಿಂದ ಕಡಲೆಕಾಯಿ ತೆಗೆದು ತಿನ್ನುತ್ತಾ ಒಬ್ಬ ನಿರ್ದೇಶಕರು.

“ನಾನು ಓದಿಲ್ಲ ಅಮ್ಮಾವ್ರೇ, ಸುಳ್ಳು ಹೇಳಾಕಿಲ್ಲ” ಎಂದರು ನಿರ್ಮಾಪಕರು. “ನಮ್ಮನೇಲಿ ಹೆಂಗಸ್ರು ಓದವ್ರೆ. ವಾರ ವಾರ ಪತ್ರಿಕೆ ಬರೋ ದಿನ ನಮಗೆ ಊಟ ಇಲ್ಲ. ನಮ್ಮ ಊಟ ನಿಲ್ಲಿಸೋ ಕಥೆ ಅಂದ್ಮೇಲೆ ಪಿಚ್ಚರ್ ಮಾಡ್ಬೇಕು ಅಂತ ತೀರ್ಮಾನ ಮಾಡ್ದೆ.”

ಅಮ್ಮ ಸೆರಗು ಸರಿಮಾಡಿಕೊಂಡು ಕೆಂಪಾದಳು. ಇಷ್ಟು ಚೆನ್ನಾದ ವಿಮರ್ಶೆ ಅವಳ ಯಾವ ಪುಸ್ತಕಕ್ಕೂ ಆಮೇಲೆ ಬರಲಿಲ್ಲ. ನಿರ್ದೇಶಕರು ಸಿಪ್ಪೆಯನ್ನು ಅಂಗೈಯಲ್ಲೇ ಹಿಡಿದುಕೊಂಡು, “ಬೇಸ್ ಹಾಗೇ ಇರತ್ತೆ ಮೇಡಂ. ಅಲ್ಲಲ್ಲಿ ಸ್ವಲ್ಪ ಸಿನಿಮಾಗೆ ತಕ್ಕ ಹಾಗೆ” ಎಂದರು.

ಆ ‘ಸ್ವಲ್ಪ’ ಮುಂದಿನ ಭೇಟಿಗಳಲ್ಲಿ ಬಿಚ್ಚಿಕೊಳ್ಳುತ್ತಾ ಹೋಯಿತು. ಮೊದಲು ಹೋದದ್ದು ಹಾರುವ ಕುದುರೆ.

“ಕುದುರೆ ಹಾರ್ಸೋದು ಕಷ್ಟ ಅಮ್ಮಾವ್ರೇ” ಎಂದರು ನಿರ್ಮಾಪಕರು. “ನಮ್ಮ ತಾವ ಒಳ್ಳೆ ಎತ್ತು ಅವೆ. ನೋಡಿದ್ರೆ ಕಣ್ಣು ತಾಕಬೇಕು, ಹಂಗವೆ.”

“ಎತ್ತು ಹಾರತ್ತಾ?” ಎಂದಳು ಅಮ್ಮ.

“ಹಾರಾಕಿಲ್ಲ. ಆದ್ರೆ ಓಡ್ತವೆ.”

ಆಮೇಲೆ ರಾಜಕುಮಾರ. ಹೀರೋ ಓದುತ್ತಾ ಕೂತರೆ ಜನ ಕುರ್ಚಿ ಮುರಿಯುತ್ತಾರೆ ಎಂದು ನಿರ್ದೇಶಕರು ಓಲೆಗರಿ ಕಿತ್ತುಕೊಂಡು ಕತ್ತಿ ಕೊಟ್ಟರು. ಲೋಕ ಸುತ್ತುವುದೂ ಅವನ ಪಾಲಿಗೇ ಹೋಯಿತು. ಸೊಸೆಗೆ ಎರಡು ಹಾಡು, ಮತ್ತು ಕಂಬಕ್ಕೆ ಕಟ್ಟಿಸಿಕೊಳ್ಳುವ ಕೆಲಸ. ಇಷ್ಟಾದ ಮೇಲೆ ಬೆಳದಿಂಗಳ ಸರದಿ ಬಂತು.

“ಪ್ರಾಬ್ಲಂ ಏನಂದ್ರೆ ಮೇಡಂ, ಭರಣಿಯೊಳಗೆ ಲೈಟ್ ಇಟ್ರೆ ಹೊರಗೆ ಕಾಣ್ಸಲ್ಲ.”

“ಕಾಣಬಾರ್ದು ಅಂತಾನೇ ಸಾರ್ ಅವಳು ಅದರೊಳಗೆ ಇಟ್ಟಿರೋದು.”

“ಜನಕ್ಕೆ ಕಾಣ್ಬೇಕಲ್ಲ. ಗಾಜಿನದು ಇಟ್ಟು ನೋಡಿದ್ವಿ, ಹಾರ್ಲಿಕ್ಸ್ ಬಾಟ್ಲಿ ಥರ ಬರತ್ತೆ. ಅದಕ್ಕೇ ಚಿನ್ನ ಮಾಡ್ಬಿಟ್ಟಿದೀವಿ. ಚಿನ್ನ ಅಂದ್ರೆ ಯಾರಿಗೂ ಬಿಡಿಸಿ ಹೇಳ್ಬೇಕಾಗಿಲ್ಲ.”

ಅಮ್ಮ ಅಪ್ಪನ ಕಡೆ ನೋಡಿದಳು. ಅಪ್ಪ ದಿನಪತ್ರಿಕೆಯ ಕಡೆ ನೋಡಿದರು. ಕೊನೆಗೆ ನಿರ್ದೇಶಕರು ಗಂಟಲು ಸರಿಪಡಿಸಿಕೊಂಡು, “ಇನ್ನೊಂದು. ಆ ಮಾಟಗಾತಿ ಇದಾಳಲ್ಲ, ಅವಳ ವಯಸ್ಸು ಸ್ವಲ್ಪ ಕಮ್ಮಿ ಮಾಡ್ತೀವಿ. ಆ ಗೊಂಚಲು, ನಶ್ಯ ಎಲ್ಲ ಅಷ್ಟು ಗ್ಲಾಮರ್ ಬರಲ್ಲ” ಎಂದರು.

ಒಳಗೆ ದೇವರ ಮನೆಯಿಂದ ಭಾರಿ ಸೀನೊಂದು ಕೇಳಿಬಂತು.

ಕುದುರೆಗಾಗಿ, ಬೆಳದಿಂಗಳಿಗಾಗಿ ಹೋರಾಡಿದ್ದ ಅಮ್ಮ ಇದಕ್ಕೆ ಮಾತ್ರ ಅವಸರ ಅವಸರವಾಗಿ, “ಆಗ್ಲಿ ಸಾರ್, ಹಾಗೇ ಮಾಡಿ, ತುಂಬಾ ಒಳ್ಳೇದು” ಎಂದಳು. ಪರದೆಯ ಮೇಲೆ ಅಜ್ಜಿಯನ್ನು ಹೋಲುವವಳು ಯಾರೂ ಇರುವುದಿಲ್ಲ ಎಂಬ ನೆಮ್ಮದಿ ಅವಳಿಗೆ. ಅಂದು ರಾತ್ರಿ ಅವಳು ಚೆನ್ನಾಗಿ ಊಟ ಮಾಡಿದಳು.

ಅಷ್ಟರಲ್ಲಿ ಸಿನಿಮಾದ ಮ್ಯಾನೇಜರ್ ಒಬ್ಬರು ಬಂದು ಹಳೆಯ ಕಾಲದ ದೊಡ್ಡ ಭರಣಿಗಳು ಎಲ್ಲೂ ಸಿಗುತ್ತಿಲ್ಲ, ನಿಮ್ಮ ಮನೆಯಲ್ಲಿವೆಯೇ ಎಂದು ಕೇಳಿದರು. ನಾವು ಇಲ್ಲವೆನ್ನಲು ಬಾಯಿ ತೆರೆಯುವ ಮೊದಲೇ ಅಜ್ಜಿ ಎದ್ದು, ಸೊಂಟದ ಗೊಂಚಲು ತೆಗೆದು, ಉಗ್ರಾಣ ತೆರೆದಳು. ನನಗೆ ನಂಬಲಾಗಲಿಲ್ಲ. ಮಾವಿನಕಾಯಿ ಕಾಲ ಇನ್ನೂ ಬಂದಿರಲಿಲ್ಲವಾದ್ದರಿಂದ ಕೆಲವು ಖಾಲಿ ಇದ್ದವು ನಿಜ, ಆದರೆ ಚಿಕ್ಕಪ್ಪಂದಿರ ಮದುವೆಗೂ ಅವು ಮನೆಯ ಹೊಸಿಲು ದಾಟಿರಲಿಲ್ಲ. ಅಜ್ಜಿ ಅವನ್ನು ಒರೆಸಿ ಕೊಟ್ಟದ್ದಲ್ಲದೆ, “ಬಾಯಿಗೆ ಬಟ್ಟೆ ಹಿಂಗೆ ಕಟ್ಬೇಕು ಕಣಪ್ಪ. ಗಂಟು ಈ ಕಡೆ ಬರ್ಬೇಕು. ಮಾಡೋಳಿಗೆ ಹೇಳು” ಎಂದು ಮ್ಯಾನೇಜರಿಗೆ ಎರಡು ಸಲ ಕಟ್ಟಿ ತೋರಿಸಿದಳು. ಅಮ್ಮ ಬಾಗಿಲ ಮರೆಯಲ್ಲಿ ನಿಂತು ದೇವರಿಗೆ ಹರಕೆ ಹೊರುತ್ತಿದ್ದಳು.

ತಲಘಟ್ಟಪುರದಾಚೆ ಬಂಡೆಗಳ ಮೇಲೆ ಚಿತ್ರೀಕರಣವೆಂದು ನಿರ್ಮಾಪಕರು ನಮ್ಮೆಲ್ಲರನ್ನೂ ಕಾರಿನಲ್ಲಿ ಕರೆದೊಯ್ದರು. ಅಜ್ಜಿಯೂ ಛತ್ರಿ ಹಿಡಿದು ಹೊರಟಳು. ನಡು ಮಧ್ಯಾಹ್ನ, ಕಾಲಿಟ್ಟರೆ ಬಂಡೆ ಸುಡುವ ಬಿಸಿಲು. ನಾಯಕ ನಾಯಕಿ ಬೆವರು ಒರೆಸಿಕೊಳ್ಳುತ್ತಾ ಹಾಡಿಗೆ ತುಟಿ ಆಡಿಸುತ್ತಿದ್ದರು.

“ಇದು ಯಾವ ಹೊತ್ತಿನ ಸೀನು ಸಾರ್?” ಎಂದು ಅಪ್ಪ ಕೇಳಿದರು.

“ಹುಣ್ಣಿಮೆ ರಾತ್ರಿ” ಎಂದರು ನಿರ್ದೇಶಕರು. “ಕ್ಯಾಮರಾಗೆ ನೀಲಿ ಗಾಜು ಹಾಕಿದೀವಿ, ಸ್ಕ್ರೀನಲ್ಲಿ ಬೆಳದಿಂಗಳಾಗತ್ತೆ.”

ಅಜ್ಜಿ ಛತ್ರಿಯ ಕೆಳಗಿಂದ, “ನಿಮ್ಮ ಬೆಳದಿಂಗಳು ನೆತ್ತಿ ಸುಡ್ತಾ ಇದೆಯಲ್ಲಪ್ಪ” ಎಂದಳು. ಅಂದು ಮಾಟಗಾತಿಯ ದೃಶ್ಯವಿರಲಿಲ್ಲ. ಅವಳು ಎಲ್ಲಿ, ಯಾವಾಗ ಬರುತ್ತಾಳೆ ಎಂದು ಅಜ್ಜಿ ಮೂರು ಜನರನ್ನು ವಿಚಾರಿಸಿ, ನಿರಾಶೆಯಿಂದ ಕಾರು ಹತ್ತಿದಳು. ಆ ನಿರಾಶೆ ನಮಗೆ ಬಿಸಿಲಿನದ್ದೆಂದು ತೋರಿತು.

ಸಿನಿಮಾ ಬಿಡುಗಡೆಯಾಗುವ ಹೊತ್ತಿಗೆ ಅಜ್ಜಿಯ ಒಂದು ಕಣ್ಣಿನ ಪೊರೆ ತೆಗೆಸಿ ದಪ್ಪ ಗಾಜಿನ ಕನ್ನಡಕ ಬಂದಿತ್ತು. ಲೋಕವೆಲ್ಲ ಅವಳಿಗೆ ನಿಚ್ಚಳವಾದಷ್ಟೂ ಅಮ್ಮನಿಗೆ ಕತ್ತಲಾಗುತ್ತಿತ್ತು. ಪುಸ್ತಕವನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟಳು. ಮೊದಲ ವಾರದ ಮ್ಯಾಟಿನಿಗೆ ಪಾಸು ಬಂದವು. ಅಜ್ಜಿ ಬೂದುಬಣ್ಣದ ರೇಷ್ಮೆ ಸೀರೆ ಉಟ್ಟು, ಬೀಗದ ಕೈ ಗೊಂಚಲನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಸೊಂಟಕ್ಕೆ ಸಿಕ್ಕಿಸಿಕೊಂಡು ವರಾಂಡಕ್ಕೆ ಬಂದಳು. ಹೆಣ್ಣು ನೋಡಲು ಬರುವವರ ಮುಂದೆ ಕೂರುವಂಥ ಸಡಗರ.

ಪುಸ್ತಕದ ಹೆಸರಿನಲ್ಲಿ ಭರಣಿ ಇತ್ತು, ಸಿನಿಮಾದ ಹೆಸರಿನಲ್ಲಿ ಪ್ರೇಮ ಇತ್ತು. ಅಲ್ಲಿಂದ ಶುರು. ನಿರ್ಮಾಪಕರ ಎತ್ತುಗಳು ತೆರೆಯ ಮೇಲೆ ಬಂದಾಗ ಮುಂದಿನ ಸಾಲುಗಳಲ್ಲಿ ಶಿಳ್ಳೆ ಎದ್ದವು. ನಿಜ ಹೇಳಬೇಕೆಂದರೆ ಇಡೀ ಚಿತ್ರದಲ್ಲಿ ಚೆನ್ನಾಗಿ ಅಭಿನಯಿಸಿದವು ಅವೇ. ಬಾಳೆಹಣ್ಣಿನ ಸಿಪ್ಪೆಯ ಮೇಲೆ ಜಾರುವ ಇಬ್ಬರು ಕಳ್ಳರು ಬಂದರು, ಅವರು ಪುಸ್ತಕದಲ್ಲಿ ಇರಲೇ ಇಲ್ಲ. ಆಮೇಲೆ ಜರತಾರಿ ಪರದೆ ಸರಿಯಿತು. ಚಿನ್ನದ ಬಣ್ಣ ಬಳಿದ ನಮ್ಮ ಉಪ್ಪಿನಕಾಯಿ ಭರಣಿಗಳ ಸಾಲು. ಅವುಗಳ ನಡುವಿನಿಂದ ಮಿಣಮಿಣ ಮಿಂಚುವ, ಬಹಳ ಕಡಿಮೆ ಬಟ್ಟೆಯ ಒಬ್ಬ ಹುಡುಗಿ ಎದ್ದು ಕುಣಿಯತೊಡಗಿದಳು. ಅಜ್ಜಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು.

“ಯಾರೇ ಇವಳು?” ಎಂದು ನನ್ನನ್ನು ಕೇಳಿದಳು.

“ಮಾಟಗಾತಿ ಅಜ್ಜಿ.”

ಸಿನಿಮಾ ಮುಗಿಯುವ ತನಕ ಅಜ್ಜಿಯ ನಶ್ಯದ ಡಬ್ಬಿ ತೆರೆಯಲಿಲ್ಲ. ಕೊನೆಯಲ್ಲಿ ಮಾಟಗಾತಿಯನ್ನು ರಾಜಕುಮಾರ ಬೆಂಕಿಗೆ ನೂಕಿದಾಗ ಅಮ್ಮ ಒಂದು ಕಡೆ ಕರವಸ್ತ್ರಕ್ಕೆ ಅಳುತ್ತಿದ್ದಳು, ಇನ್ನೊಂದು ಕಡೆ ಅಜ್ಜಿ ಕಲ್ಲಾಗಿ ಕೂತಿದ್ದಳು. ಅಪ್ಪ ಮಾತ್ರ, “ರಾಜಕುಮಾರನ್ನ ಚೆನ್ನಾಗಿ ಸುಧಾರಿಸಿದಾರೆ” ಎಂದು ಬಸ್ಸಿನಲ್ಲಿ ತೃಪ್ತಿ ವ್ಯಕ್ತಪಡಿಸಿದರು.

ಮುಂದಿನ ಕೆಲವು ದಿನ ಮನೆ ಸೂತಕದಂತಿತ್ತು. ಅಮ್ಮ ಒಗ್ಗರಣೆ ಹಾಕುವಾಗ ಅಳುವಳು, ಬಟ್ಟೆ ಮಡಿಸುವಾಗ ಅಳುವಳು. “ನನ್ನ ಕಥೆ ಕಣೇ ಅದು. ಎತ್ತು ತರ್ತೀವಿ ಅಂತ ಬಂದು ಹೇಳಿದ್ರು, ಚಿನ್ನ ಮಾಡ್ತೀವಿ ಅಂತ ಹೇಳಿದ್ರು. ಒಂದನ್ನಾದ್ರೂ ಕೇಳಿದ್ರಾ? ಕೇಳ್ಬೇಕು ಅಂತಾನೇ ಅನ್ನಿಸ್ಲಿಲ್ವಲ್ಲ” ಎಂದು ನನ್ನೊಡನೆ ಹೇಳಿಕೊಳ್ಳುವಳು. ನನಗೆ ನಿರ್ದೇಶಕರ ಮೇಲೆ ಸಿಟ್ಟು ಬರುತ್ತಿತ್ತು, ಅಮ್ಮನ ಮೇಲೆ ಕನಿಕರ ಬರುತ್ತಿತ್ತು, ಜೊತೆಗೆ ಆ ಎತ್ತುಗಳನ್ನು ನೆನೆದು ನಗುವೂ ಬಂದುಬಿಡುತ್ತಿತ್ತು. ಅಜ್ಜಿಯೂ ಮಾತಾಡುತ್ತಿರಲಿಲ್ಲ. ಭರಣಿಗಳು ಚಿನ್ನದ ಬಣ್ಣದಲ್ಲೇ ವಾಪಸು ಬಂದಿದ್ದಕ್ಕೆ ಕೋಪವೆಂದು ನಾವು ಅಂದುಕೊಂಡೆವು.

ಆ ಭಾನುವಾರ ಬೆಳಗ್ಗೆ ಅಮ್ಮ ಅದೇ ರಾಗ ಎತ್ತಿದ್ದಳು. ಅಪ್ಪ ಅಡುಗೆಮನೆಯ ಹೊಸಿಲ ಬಳಿ ದಿನಪತ್ರಿಕೆ ಹಿಡಿದು ಕೂತಿದ್ದರು. ಗೊಂಚಲು ಝಲ್ಲೆಂದು ಅಜ್ಜಿ ಬಂದು ಅಮ್ಮನ ಎದುರು ನಿಂತಳು.

“ಅಲ್ಲ ಕಣೇ, ಆ ಸಿನಿಮಾದಲ್ಲಿ ನಾನೆಲ್ಲಿದ್ದೆ?”

ಅಮ್ಮನ ಕೈಯ ಸೌಟು ಕೆಳಗೆ ಬಿತ್ತು. ಅಪ್ಪನ ಪತ್ರಿಕೆ ಮೇಲಕ್ಕೆ ಹೋಯಿತು.

“ನೀವಾ ಅತ್ತೆ? ನೀವು ಯಾಕೆ…”

“ನನ್ನ ಭರಣಿ ಬಂತು. ನನ್ನ ಉಗ್ರಾಣ ಬಂತು, ಅದಕ್ಕೊಂದು ಜರತಾರಿ ಪರದೆ ಬೇರೆ. ನಾನೆಲ್ಲೇ? ಎದುರು ಮನೆಯೋಳಿಗೆಲ್ಲ ಹೇಳಿ ಹೋಗಿದ್ದೆ, ನನ್ನ ಪಾತ್ರ ಬರತ್ತೆ ಅಂತ. ವಯಸ್ಸು ಸ್ವಲ್ಪ ಕಮ್ಮಿ ಮಾಡ್ತೀನಿ ಅಂದ ಅವನು. ಐವತ್ತೈದು ಮಾಡ್ತಾನೆ ಅಂದ್ಕೊಂಡಿದ್ದೆ. ಆ ಬೆತ್ತಲೆ ಹುಡುಗೀನ ನಾನು ಅಂತ ತಿಳ್ಕೋಬೇಕಾ?”

ನಾನೇ ಕೇಳಿದೆ: “ನಿಂಗೆ ಯಾವಾಗ್ಲಿಂದ ಗೊತ್ತು ಅಜ್ಜಿ?”

“ಮಾಟಗಾತಿ ಬಂದ ವಾರದಿಂದ. ಶನಿವಾರ ಸಹಸ್ರನಾಮ ಆದ್ಮೇಲೆ ಎದುರು ಮನೆಯೋಳು ಓದ್ತಿದ್ಲು, ನಾವೆಲ್ಲ ಕೇಳ್ತಿದ್ವಿ. ನೀನು ಓದ್ದಾಗ ಸೊಂಟದಲ್ಲಿ ಹಾವು, ಅವಳು ಓದ್ದಾಗ ಬೀಗದ ಕೈ. ನಿಂದೂ ಚೆನ್ನಾಗೇ ಇತ್ತು ಅನ್ನು. ಹಾವು ಸ್ವಲ್ಪ ಜಾಸ್ತಿ ಆಯ್ತು.”

“ಮತ್ತೆ ಒಂದು ಮಾತೂ ಹೇಳ್ಲಿಲ್ವಲ್ಲ ಅತ್ತೆ” ಎಂದಳು ಅಮ್ಮ, ಅಳು ಬೆರೆತ ದನಿಯಲ್ಲಿ.

“ಹೇಳಿದ್ರೆ ನೀನು ಹೆದರ್ಕೊಂಡು ಬರಿಯೋದು ನಿಲ್ಲಿಸ್ತಿದ್ದೆ. ಆಮೇಲೆ ಕಥೆ ಮುಂದಕ್ಕೆ ಏನಾಯ್ತು ಅಂತ ನನಗೆ ಹೇಗೆ ಗೊತ್ತಾಗ್ಬೇಕು?”

ಅಜ್ಜಿಯ ಬಾಯಲ್ಲಿ ‘ಬರಿಯೋದು’ ಎಂಬ ಪದವನ್ನು ನಾನು ಕೇಳಿದ್ದು ಅದೇ ಮೊದಲು. ಅಮ್ಮನೂ ಕೇಳಿಸಿಕೊಂಡಳೆಂದು ಅವಳ ಮುಖ ನೋಡಿಯೇ ತಿಳಿಯಿತು. ಅವಳು ಬಗ್ಗಿ ಅಜ್ಜಿಯ ಕಾಲು ಮುಟ್ಟಲು ಹೋದಳು.

“ತಪ್ಪಾಯ್ತು ಅತ್ತೆ.”

“ಅದೆಲ್ಲ ಆಮೇಲೆ. ಸಿನಿಮಾದವನು ನನ್ನ ಕೇಳ್ಲಿಲ್ಲ, ಕೇಳ್ಲಿಲ್ಲ ಅಂತ ವಾರದಿಂದ ಮೂಗು ಸೋರಿಸ್ತಾ ಇದೀಯಲ್ಲ. ನೀನು ನನ್ನ ಕೇಳಿದ್ಯಾ?”

ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ಯಾರೂ ಇಳಿಸಲಿಲ್ಲ. ಅಪ್ಪ ಪತ್ರಿಕೆಯ ಹಿಂದೆ ಉಸಿರನ್ನೂ ಬಿಗಿಹಿಡಿದಿದ್ದರು. ಅಜ್ಜಿ ಆ ಕಡೆ ಗದ್ದದಲ್ಲೇ ತೋರಿಸಿ, “ಪುಸ್ತಕದಲ್ಲಿ ಇವನೊಬ್ಬ ಸರಿಯಾಗಿ ಬಂದಿದಾನೆ” ಎಂದಳು. ಪತ್ರಿಕೆ ನಿಧಾನವಾಗಿ ಕೆಳಗಿಳಿಯಿತು. ಅಪ್ಪನಿಗೆ ಅಂದು ಎಲ್ಲ ಅರ್ಥವಾಯಿತು, ಪಾಪ.

“ಅಕ್ಕಿ ಡಬ್ಬದ ಹಿಂದಿದೆ, ತಗೊಂಡು ಬಾ. ನೀನೇ ಓದು. ಪತ್ರಿಕೇಲಿ ಗೆರೆ ಎಳ್ದಿದ್ಯಲ್ಲ, ಆ ಸಾಲೂ ಸೇರ್ಸಿ ಓದು” ಎಂದು ಅಜ್ಜಿ ಅಮ್ಮನಿಗೆ ಅಪ್ಪಣೆ ಮಾಡಿದಳು.

ಊಟವಾಗಿ, ನೆಲ ಸಾರಿಸಿದ ಮೇಲೆ ಓದು ಶುರುವಾಯಿತು. ಅಮ್ಮ ಮೊದಮೊದಲು ಪರೀಕ್ಷೆಗೆ ಕೂತವಳಂತೆ ತಡವರಿಸಿದಳು. ಮಾಟಗಾತಿ ಸೀನಿ ಅರಮನೆಯ ದೀಪಗಳು ಆರಿದಾಗ ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕಿದ್ದಕ್ಕೆ ಮೂಗಿಗೆ ನಶ್ಯ ಏರಿ ನಿಜವಾಗಿಯೂ ಸೀನಿದಳು. “ಗೊಂಚಲು ಎಡಗಡೆ ಅಂತ ಬರ್ದಿದೀಯ, ಬಲಗಡೆ ಇರೋದು” ಎಂದು ತಿದ್ದಿದಳು. ಅಮ್ಮನಿಗೂ ನಗು ಬಂತು, ದನಿ ಸಡಿಲವಾಯಿತು. ಮಾಟಗಾತಿ ಭರಣಿಗಳನ್ನು ಸಾಲಾಗಿಟ್ಟು, ಯಾರೆಷ್ಟು ಬೇಡಿದರೂ ಒಂದು ಹನಿ ಬೆಳದಿಂಗಳು ಕೊಡದೆ ಬಾಗಿಲಿಗೆ ಬೀಗ ಜಡಿಯುವ ಪುಟ ಬಂದಾಗ ಅಜ್ಜಿ ಕೈ ಎತ್ತಿ ನಿಲ್ಲಿಸಿದಳು.

“ಬೀಗ ಹಾಕಿದ್ದೆಲ್ಲ ಸರಿಯಾಗಿ ಬರ್ದಿದೀಯ ಕಣೇ. ನಾನು ತೆಗೀತಿದ್ದದ್ದು ಬರ್ದಿಲ್ವಲ್ಲ.”

ಅಮ್ಮನಿಗೆ ತಿಳಿಯಲಿಲ್ಲ.

“ನೀನು ಬಂದ ಹೊಸದ್ರಲ್ಲಿ ನಿನ್ನ ಗಂಡ, ಮೈದುನಂದಿರು, ನಿಮ್ಮ ಮಾವ, ಎಲ್ಲ ಸಾಲಾಗಿ ಊಟಕ್ಕೆ ಕೂರೋರು. ಬಡಿಸಿ ನಿನ್ನ ಸರದಿ ಬರೋ ಹೊತ್ತಿಗೆ ಪಾತ್ರೆ ತಳದಲ್ಲಿ ಏನಿರ್ತಿತ್ತು? ನಾನು ಸೊಸೆಯಾಗಿ ಬಂದಾಗ ನೀರು ಮಜ್ಜಿಗೆ ಕಲಸ್ಕೊಂಡು ತಿಂದು ಏಳ್ತಿದ್ದೆ, ಯಾರೂ ನೋಡ್ತಿರ್ಲಿಲ್ಲ. ಬೀಗ ಹಾಕ್ದೇ ಇದ್ದಿದ್ರೆ ಗಟ್ಟಿ ಮೊಸರು ನಿನ್ನ ತನಕ ಬರ್ತಿತ್ತಾ?”

ಎಲ್ಲರ ಊಟವಾದ ಮೇಲೆ ಆ ಗೊಂಚಲಿನ ಸದ್ದು ನಾನು ಬುದ್ಧಿ ಬಂದಾಗಿನಿಂದ ದಿನವೂ ಕೇಳಿದ್ದೆ. ಅಜ್ಜಿ ಉಗ್ರಾಣದಿಂದ ಬಟ್ಟಲು ತಂದು ಅಮ್ಮನ ತಟ್ಟೆಯ ಪಕ್ಕ ಇಟ್ಟು, ಮಾತಿಲ್ಲದೆ ಹೊರಟುಹೋಗುವುದನ್ನೂ ನೋಡಿದ್ದೆ. ಅಮ್ಮ ಆ ಮೊಸರನ್ನು ಉಂಡೇ, ನೆಲ ಸಾರಿಸಿ, ಮಣೆ ಹಾಕಿಕೊಂಡು ಮಾಟಗಾತಿಯನ್ನು ಬರೆದಿದ್ದಳು. ಅವಳು ಪುಸ್ತಕ ಮಡಚಿ ಜೋರಾಗಿ ಅತ್ತುಬಿಟ್ಟಳು. ಈ ಸಲ ಅಳು ಸಿನಿಮಾದ ಬಗ್ಗೆ ಆಗಿರಲಿಲ್ಲ.

ಅಜ್ಜಿಗೆ ಅಳು ನೋಡಿಕೊಂಡು ಕೂರುವ ಅಭ್ಯಾಸವಿರಲಿಲ್ಲ. ಸೊಂಟದ ಗೊಂಚಲು ಸರಿಮಾಡಿಕೊಂಡು, ಮಂಡಿಗೆ ಕೈ ಊರಿ ಎದ್ದು, ಸಾರಿಸಿದ ನೆಲ ಇನ್ನೂ ಒದ್ದೆಯಿದೆಯೇ ಎಂದು ಕಾಲಿನ ಹೆಬ್ಬೆರಳಿನಿಂದ ಒತ್ತಿ ನೋಡಿದಳು.

“ಇನ್ನೂ ಒಣಗಿಲ್ಲ. ಕೂತ್ಕೊಂಡು ಬರಿ” ಎಂದಳು. “ಕಾಫಿಗೆ ನಾನು ಇಡ್ತೀನಿ.”